ಗಂಜಿ ನೀರಾಗಿದ್ದು ಹೇಗೆ?

ಸಾದಾ ರಾಗಿಹಿಟ್ಟಿನ ಗಂಜಿ ಚಮಚ ನಿಲ್ಲುವಷ್ಟು ಗಟ್ಟಿ. ಅದೇ ಅಳತೆಯಲ್ಲಿ ಮೊಳಕೆ ಕಟ್ಟಿದ ರಾಗಿಯ ಹಿಟ್ಟನ್ನು ತಣ್ಣೀರಲ್ಲಿ ಕದಡಿ ಸಣ್ಣ ಉರಿಯಲ್ಲಿ ಕಾಯಿಸಿ, ಕುಡಿಯುವಷ್ಟು ತೆಳು! ಹಿಟ್ಟಿನಲ್ಲಿ ಕಲಬೆರಕೆ ಅಂತ ಅಂಗಡಿಯವನನ್ನು ಬೈಯಬೇಡಿ. ಇದು ಮೊಳಕೆಯೊಡೆಯುವಾಗ ಕಾಳಿನಲ್ಲಿ ಹೆಚ್ಚುವ ಅಮೈಲೇಸ್ ಎಂಬ ಕಿಣ್ವದ ಕೆಲಸ. ಕಿಣ್ವ ಅಂದರೆ ರಾಸಾಯನಿಕ ಕ್ರಿಯೆಗೆ ವೇಗ ಕೊಡುವ ಪ್ರೋಟೀನು.

ಪಿಷ್ಟ ಅಂದರೆ ಸಕ್ಕರೆ ಮಣಿಗಳ ಉದ್ದನೆಯ ಸರ. ನೀರು ಕುಡಿದ ಸರಗಳು ಒಂದಕ್ಕೊಂದು ತೊಡರಿಕೊಂಡರೆ ಗಂಜಿ ಗಟ್ಟಿ, ತುಂಡಾದರೆ ತೆಳು. ಆದರೆ ಸರ ತಾನಾಗಿ ತುಂಡಾಗಲು ವರ್ಷಗಟ್ಟಲೆ ಕಾಯಬೇಕು. ಕಬ್ಬನ್ನು ನೆನಪಿಸಿಕೊಳ್ಳಿ. ಎರಡು ತುದಿ ಹಿಡಿದು ಎಳೆದರೆ ಮುರಿಯುತ್ತದೆಯೇ? ಮೊಣಕಾಲಿಗೆ ಆನಿಸಿ ಬಗ್ಗಿಸಿದರೆ ಲಟಕ್! ಅಮೈಲೇಸ್‌ನ ಮೈಯಲ್ಲಿರುವ ಒಂದು ಕುಳಿಯೇ ಆ ಮೊಣಕಾಲು. ಅದರಲ್ಲಿ ಕೂತ ಸರ ಬಾಗುತ್ತದೆ, ಸುಲಭವಾಗಿ ಮುರಿಯುತ್ತದೆ. ಕಬ್ಬು ಮುರಿದರೂ ಮೊಣಕಾಲು ಸವೆಯುವುದಿಲ್ಲ, ಮುಂದಿನ ಜಲ್ಲೆಗೆ ತಯಾರು. ಘಟ್ಟ ಹತ್ತಿಳಿಯುವ ಬದಲು ಸುರಂಗ ಕೊರೆದಂತೆ ಅಂತಲೂ ಹೇಳಬಹುದು. ಹೊರಟ ಊರು, ಸೇರುವ ಊರು ಅವೇ, ಏರು ಮಾತ್ರ ಕಡಿಮೆ.

ಬಿಸಿ ಜಾಸ್ತಿಯಾದರೆ ಕೆಲಸವೂ ಜೋರು ಅಲ್ವಾ? ಸುಮಾರು 60 ಡಿಗ್ರಿಯವರೆಗೆ ಹೌದು. ಆಮೇಲೆ, ಬೆಂದ ಮೊಟ್ಟೆಯ ಬಿಳಿಯಂತೆ, ಈ ಪ್ರೋಟೀನಿನ ಮಡಿಕೆಗಳೂ ಬಿಚ್ಚಿಕೊಳ್ಳುತ್ತವೆ. ಕುಳಿಯೇ ಇಲ್ಲವಾಗುತ್ತದೆ. ಕುದಿಯುವ ನೀರಿಗೇ ಹಿಟ್ಟು ಸುರಿದರೆ ಗಂಜಿ ಗಟ್ಟಿಯಾಗುವುದು ಇದಕ್ಕೇ.

ಇದನ್ನು ‘ಕಿಣ್ವ ಸತ್ತಿತು’ ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ. ಅದು ಬದುಕಿದ್ದೇ ಯಾವಾಗ? 1833ರಲ್ಲೇ ಪ್ಯಾರಿಸ್‌ನ ಪಾಯೆನ್ ಮತ್ತು ಪೆರ್ಸೋ ಮೊಳಕೆ ಬಾರ್ಲಿಯಿಂದ ಪಿಷ್ಟ ಕರಗಿಸುವ ಪುಡಿಯನ್ನು ಬೇರ್ಪಡಿಸಿದ್ದರು. ಆದರೂ ಸಕ್ಕರೆ ಹುದುಗಿ ಆಲ್ಕೋಹಾಲ್ ಆಗಲು ಜೀವ ಬೇಕೇ ಬೇಕು ಎಂದು ಫ್ರಾನ್ಸಿನ ವಿಜ್ಞಾನಿ ಪಾಶ್ಚರ್ ಪಟ್ಟು ಹಿಡಿದಿದ್ದರು. 1897ರಲ್ಲಿ ಜರ್ಮನಿಯ ಎಡ್ವರ್ಡ್ ಬುಖ್ನರ್ ಯೀಸ್ಟನ್ನು ಮರಳಿನ ಜೊತೆ ಅರೆದು ರಸ ಹಿಂಡಿದರು. ಕೆಡದಿರಲಿ ಎಂದು, ಮುರಬ್ಬಕ್ಕೆ ಹಾಕುವ ಹಾಗೆ, ಸಕ್ಕರೆ ಸುರಿದರು. ರಸದಲ್ಲಿ ಗುಳ್ಳೆಯೋ ಗುಳ್ಳೆ! ಜೀವಕೋಶ ಒಂದೂ ಇಲ್ಲದೆ ಸಕ್ಕರೆ ಆಲ್ಕೋಹಾಲ್ ಆಗುತ್ತಿತ್ತು. 1907ರಲ್ಲಿ ಅವರಿಗೆ ನೊಬೆಲ್ ಬಂತು. ಇಷ್ಟಾದ ಮೇಲೂ ‘ಜೀವಂತ ಕಿಣ್ವ’ ಎಂದು ಬರೆದ ಬಾಟಲಿಗಳಿಗೆ ನಾವು ದುಡ್ಡು ಸುರಿಯುತ್ತೇವೆ.

ಅದರ ಬದಲು ಅಡುಗೆಮನೆಯಲ್ಲೇ ನೋಡಿ. ಗಟ್ಟಿ ಗಂಜಿ ಆರಲಿ, ಆದರೆ ಇನ್ನೂ ಚೆನ್ನಾಗಿ ಬಿಸಿ ಇರಲಿ. ಒಂದು ಚಮಚ ಮೊಳಕೆ ರಾಗಿಹಿಟ್ಟು ಹಾಕಿ ತಿರುಗಿಸಿ. ಸ್ವಲ್ಪ ಹೊತ್ತಿಗೆ ಚಮಚ ಸಲೀಸಾಗಿ ಆಡುತ್ತದೆ. ಮಗುವಿಗೆ ಕೊಡುವುದಾದರೆ ಮತ್ತೆ ಒಂದು ಕುದಿ ಬರಿಸಿ, ಹಸಿ ಹಿಟ್ಟು ಹಾಕಿದ್ದೀರಲ್ಲ.