ಕೋಚ್ ಬದಲಾದ ಮೇಲೆ ತಂಡ ಗೆದ್ದಿತಲ್ಲ!

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸಂಜೆಯ ಫುಟ್‌ಬಾಲ್ ಮುಗಿಸಿ ಕಾಲಿನ ಮರಳು ಕೊಡವುತ್ತ ಕುಳಿತ ಹುಡುಗರಲ್ಲಿ ಒಂದು ವಾದ ಪದೇ ಪದೇ ಹೊತ್ತಿಕೊಳ್ಳುತ್ತದೆ. ಕ್ಲಬ್ಬೊಂದು ತನ್ನ ಕೋಚನ್ನು ಕಿತ್ತುಹಾಕಿ ಆಮೇಲೆ ಕೈ ಹಿಸುಕಿಕೊಂಡ ಪ್ರಸಂಗಗಳಲ್ಲಿ ಅತಿ ದೊಡ್ಡದು ಯಾವುದು? ರಿಯಲ್ ಮ್ಯಾಡ್ರಿಡ್ ಅಂಗಿ ತೊಟ್ಟವನು 2003ರ ವಿಸೆಂಟೆ ಡೆಲ್ ಬೋಸ್ಕ್ ಎನ್ನುತ್ತಾನೆ. ಚೆಲ್ಸೀ ಅಭಿಮಾನಿ 2011ರ ಆಂಚೆಲೊಟ್ಟಿಯನ್ನು ಎತ್ತುತ್ತಾನೆ. ಮೂರನೆಯವನು ಲೆಸ್ಟರ್ ಸಿಟಿಯ ಕ್ಲಾಡಿಯೊ ರಾನಿಯೇರಿಯ ಹೆಸರು ಹೇಳಿದೊಡನೆ ಯಾರಾದರೊಬ್ಬರು ಅವನ ಬಾಯಿ ಮುಚ್ಚಿಸುತ್ತಾರೆ: “ಅವನನ್ನು ತೆಗೆದ ಮೇಲೆ ಐದಕ್ಕೆ ಐದೂ ಗೆದ್ದರಲ್ಲ ಮಾರಾಯ!” ನನ್ನ ತಕರಾರು ಇರುವುದು ಈ ಒಂದು ವಾಕ್ಯದ ಮೇಲೆ.

ವಾಕ್ಯದೊಳಗಿನ ಲೆಕ್ಕವೇನೋ ನಿಜ. ಒಂಬತ್ತು ತಿಂಗಳ ಹಿಂದಷ್ಟೇ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಗೆದ್ದುಕೊಟ್ಟಿದ್ದ ರಾನಿಯೇರಿಯನ್ನು ಲೆಸ್ಟರ್ 2017ರ ಫೆಬ್ರುವರಿ 23ರಂದು ಮನೆಗೆ ಕಳುಹಿಸಿತು. ಆಗ ತಂಡ ಸತತ ಐದು ಲೀಗ್ ಪಂದ್ಯಗಳನ್ನು ಸೋತು, ಕೆಳದರ್ಜೆಯ ಲೀಗ್‌ಗೆ ಹಿಂಬಡ್ತಿಯಾಗುವ ಅಂಚಿಗೆ ಬಂದು ನಿಂತಿತ್ತು. ಆ ವರ್ಷ ಹುಟ್ಟಿದ ಮೇಲೆ ಲೀಗ್‌ನಲ್ಲಿ ಒಂದು ಗೋಲನ್ನೂ ಹೊಡೆದಿರಲಿಲ್ಲ. ಸಹಾಯಕನಾಗಿದ್ದ ಕ್ರೇಗ್ ಶೇಕ್ಸ್‌ಪಿಯರ್ ಹೊಣೆ ಹೊತ್ತ ಕೂಡಲೇ ಲಿವರ್‌ಪೂಲ್ ವಿರುದ್ಧ 3-1ರ ಗೆಲುವು, ಅದರ ಬೆನ್ನಿಗೆ ಇನ್ನೂ ನಾಲ್ಕು. ಹಾಗಾದರೆ ಗೆಲ್ಲಿಸಿದ್ದು ಕೋಚ್ ಬದಲಾವಣೆಯೇ ಅಲ್ಲವೇ?

ಇದಕ್ಕೆ ಉತ್ತರ ನಮ್ಮ ಜಗಲಿಯ ಚೌಕಾಬಾರದಲ್ಲೇ ಇದೆ. ನಾಲ್ಕು ಕವಡೆ ಎಸೆಯುತ್ತೇವೆ. ಬಾಯಿ ಮೇಲಾಗಿ ಬಿದ್ದ ಕವಡೆಗಳ ಎಣಿಕೆಯೇ ಅಂಕ, ನಾಲ್ಕೂ ಬಾಯಿ ಕೆಳಗಾದರೆ ಎಂಟು. ಪ್ರತಿ ಕವಡೆ ಬಾಯಿ ಮೇಲಾಗಿ ಅಥವಾ ಕೆಳಗಾಗಿ ಬೀಳುವ ಸಾಧ್ಯತೆ ಸರಿಸಮ ಎಂದಿಟ್ಟುಕೊಂಡರೆ ಒಟ್ಟು 16 ಬಗೆಯಲ್ಲಿ ಬೀಳಬಹುದು: ಒಂದು ಬೀಳುವುದು ನಾಲ್ಕು ಬಗೆಯಲ್ಲಿ, ಎರಡು ಆರು ಬಗೆಯಲ್ಲಿ, ಮೂರು ನಾಲ್ಕು ಬಗೆಯಲ್ಲಿ, ನಾಲ್ಕು ಮತ್ತು ಎಂಟು ಒಂದೊಂದೇ ಬಗೆಯಲ್ಲಿ. ಈಗ ಒಬ್ಬ ಹುಡುಗನಿಗೆ ಒಂದು ಬಿತ್ತು. “ಅವನ ಕೈ ಸರಿಯಿಲ್ಲ, ಕವಡೆ ತಂಗಿಗೆ ಕೊಡಿ” ಎಂದು ಅಜ್ಜಿ ತೀರ್ಪು ಕೊಟ್ಟರೆ, 16ರಲ್ಲಿ 12 ಬಾರಿ ತಂಗಿಗೆ ಹೆಚ್ಚೇ ಬೀಳುತ್ತದೆ. ತಂಗಿಯ ಕೈಗುಣ ಮನೆಮಾತಾಗುತ್ತದೆ. ಕವಡೆ ಹುಡುಗನ ಕೈಯಲ್ಲೇ ಉಳಿದಿದ್ದರೂ ಅದೇ 12 ಬಾರಿ ಹೆಚ್ಚು ಬೀಳುತ್ತಿತ್ತು ಎಂಬುದನ್ನು ಯಾರೂ ನೋಡಿಲ್ಲ, ಏಕೆಂದರೆ ಆ ಎಸೆತ ನಡೆಯಲೇ ಇಲ್ಲ. ಜ್ವರ ನೆತ್ತಿಗೇರಿದ ರಾತ್ರಿ ಕಟ್ಟಿದ ದಾರಕ್ಕೆ ಬೆಳಿಗ್ಗೆ ಕೀರ್ತಿ ಬರುವುದು, ವ್ಯಾಪಾರ ತೀರಾ ಕುಸಿದಾಗ ಹೊತ್ತ ಹರಕೆ ಮರುತಿಂಗಳೇ ಫಲಿಸುವುದು ಇದೇ ದಾರಿಯಲ್ಲಿ. ಉಪಾಯ ಹುಡುಕುವುದು ಸ್ಥಿತಿ ಅತಿ ಕೆಟ್ಟಾಗ. ಅತಿ ಕೆಟ್ಟದ್ದರ ಮುಂದಿನದು ಸಾಮಾನ್ಯವಾಗಿ ಅಷ್ಟು ಕೆಟ್ಟದಾಗಿರುವುದಿಲ್ಲ.

ಇದನ್ನು ಮೊದಲು ಅಳತೆ ಹಿಡಿದು ತೋರಿಸಿದವನು ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್. ಬಟಾಣಿ ಜಾತಿಯ ಹೂಗಿಡದ ಬೀಜಗಳಿಂದ ಆರಂಭಿಸಿದ ಅವನು, 1886ರಲ್ಲಿ 205 ದಂಪತಿಗಳ ಮತ್ತು ಅವರ 928 ವಯಸ್ಕ ಮಕ್ಕಳ ಎತ್ತರವನ್ನು ಒಟ್ಟಿಗಿಟ್ಟು ನೋಡಿ, ತೀರಾ ಎತ್ತರದವರ ಮಕ್ಕಳು ಎತ್ತರವೇ ಆದರೂ ತಂದೆತಾಯಿಯಷ್ಟಿಲ್ಲ, ತೀರಾ ಕುಳ್ಳರ ಮಕ್ಕಳು ಅವರಷ್ಟು ಕುಳ್ಳರಲ್ಲ ಎಂದು ಕಂಡುಕೊಂಡ. ಪೂರ್ವಜರ ರಕ್ತ ಹಿಂದಕ್ಕೆ ಎಳೆಯುತ್ತಿದೆ ಎಂಬ ವಿವರಣೆ ಅವನಿಗೆ ರುಚಿಸಿತ್ತು. ಆದರೆ ಅದೇ ಪಟ್ಟಿಯನ್ನು ತಿರುಗಿಸಿ ಓದಿದರೆ ತೀರಾ ಎತ್ತರದ ಮಕ್ಕಳ ತಂದೆತಾಯಿಯರೂ ಸರಾಸರಿಗೆ ಹತ್ತಿರವೇ ಸಿಗುತ್ತಾರೆ, ಮಗನು ಅಪ್ಪನನ್ನು ಎಳೆಯಲಾರನಷ್ಟೆ. ಎಳೆಯುವ ಶಕ್ತಿಯೊಂದು ಅಲ್ಲಿ ಇಲ್ಲ, ಸರಾಸರಿಯತ್ತ ಮರಳುವುದು ಬರಿಯ ಎಣಿಕೆಯ ಗುಣ. ಲೆಸ್ಟರ್‌ನ ಮೂರು ಋತುಗಳ ಅಂಕಗಳು ಗಾಲ್ಟನ್‌ನ ಪಟ್ಟಿಯಿಂದಲೇ ಕಿತ್ತು ತಂದಂತಿವೆ: 41, 81, 44. ಲೀಗ್ ಗೆದ್ದ ಆ ನಡುವಿನ ವರ್ಷದ ಬೆನ್ನೆಲುಬಾಗಿದ್ದ ಆಟಗಾರ ಎನ್‌ಗೊಲೊ ಕಾಂಟೆ ಆಮೇಲೆ ಚೆಲ್ಸೀಗೆ ಹೋದದ್ದನ್ನೂ ಮರೆಯಬಾರದು.

ಹಾಗಾದರೆ ಕೋಚ್‌ನ ಪಾಲೆಷ್ಟು ಎಂದು ತಿಳಿಯಲು, ಬದಲಾಯಿಸದೆ ಉಳಿದವರನ್ನೂ ನೋಡಬೇಕು. ಬೈತಖೋಲ ಬಂದರಿನಲ್ಲಿ ಒಬ್ಬ ಪರ್ಸೀನ್ ಮೀನುಗಾರಿಕೆ ಬೋಟಿನ ಮಾಲೀಕ, ಮೂರು ಸಲ ಬಲೆ ಬರಿದಾಗಿ ಬಂದಿತೆಂದು ಬೋಟು ನಡೆಸುವ ತಾಂಡೇಲನನ್ನೇ ಬದಲಿಸಿದ. ನಾಲ್ಕನೆಯ ಸಲ ಬುಟ್ಟಿಗಟ್ಟಲೆ ಬಂಗುಡೆ ಬಂತು. ಹೊಸ ತಾಂಡೇಲನ ಗುಣಗಾನ ನಡೆದಿರುವಾಗಲೇ ಪಕ್ಕದ ಬೋಟಿನಿಂದಲೂ ಬಂಗುಡೆ ಇಳಿಯುತ್ತಿತ್ತು. ಅದೂ ಮೂರು ಸಲ ಬರಿದಾಗಿ ಮರಳಿತ್ತು, ಅದರ ತಾಂಡೇಲ ಮಾತ್ರ ಹಳಬನೇ. ಅರ್ಥಶಾಸ್ತ್ರಜ್ಞ ಬಾಸ್ ಟೆರ್ ವೀಲ್ ನೆದರ್ಲೆಂಡ್ಸ್‌ನ ಮೇಲ್ದರ್ಜೆಯ ಲೀಗ್‌ನಲ್ಲಿ ಮಾಡಿದ್ದು ಈ ಪಕ್ಕದ ಬೋಟನ್ನು ಹುಡುಕುವ ಕೆಲಸ. 1986ರಿಂದ 2004ರವರೆಗಿನ ದಾಖಲೆಯಲ್ಲಿ, ಸೋತು ಕೋಚನ್ನು ತೆಗೆದ ತಂಡಗಳ ಎದುರಿಗೆ, ಅಷ್ಟೇ ಸೋತರೂ ಕೋಚನ್ನು ಉಳಿಸಿಕೊಂಡ ತಂಡಗಳನ್ನು ಅವರು ಇಟ್ಟರು. ಎರಡೂ ಗುಂಪುಗಳು ಸರಿಸುಮಾರು ಒಂದೇ ರೀತಿಯಲ್ಲಿ ಚೇತರಿಸಿಕೊಂಡಿದ್ದವು.

ಕೋಚ್‌ಗಳೆಲ್ಲ ಒಂದೇ, ಯಾರಿದ್ದರೂ ನಡೆಯುತ್ತದೆ ಎಂದು ಇದರ ಅರ್ಥವಲ್ಲ. ಐದು ಪಂದ್ಯಗಳಿಂದ ಅವರ ಬೆಲೆ ಕಟ್ಟಲಾಗದು ಎಂದಷ್ಟೇ. ಆದ್ದರಿಂದಲೇ ಆ ಮ್ಯಾಡ್ರಿಡ್ ಹುಡುಗನ ವಾದಕ್ಕೆ ಹೆಚ್ಚು ತೂಕವಿದೆ: ಡೆಲ್ ಬೋಸ್ಕ್ ನಾಲ್ಕು ಋತುಗಳಲ್ಲಿ ಎರಡು ಲೀಗ್, ಎರಡು ಚಾಂಪಿಯನ್ಸ್ ಲೀಗ್ ಗೆದ್ದಿದ್ದರು, ಲೀಗ್ ಗೆದ್ದ ಬೆನ್ನಿಗೇ ಅವರ ಒಪ್ಪಂದವನ್ನು ಮುಂದುವರಿಸಲಿಲ್ಲ, ಮ್ಯಾಡ್ರಿಡ್ 2007ರವರೆಗೆ ಮತ್ತೊಂದು ಲೀಗ್ ಕಾಣಲಿಲ್ಲ. ಅಲ್ಲಿಯೂ ಗಂಟೊಂದಿದೆ, ಅದೇ ಬೇಸಿಗೆಯಲ್ಲಿ ಆಟಗಾರ ಮಕೆಲೆಲೆಯನ್ನೂ ಮಾರಿದ್ದರಿಂದ, ಯಾರ ಕೊರತೆ ಎಷ್ಟು ಕಾಡಿತೆಂದು ಬಿಡಿಸಿ ಹೇಳುವುದು ಕಷ್ಟ.

ಇನ್ನು, ಐದಕ್ಕೆ ಐದು ಗೆದ್ದ ಶೇಕ್ಸ್‌ಪಿಯರ್. ಆ ಐದರಲ್ಲಿ ಹಲ್ ಮತ್ತು ಸಂಡರ್‌ಲೆಂಡ್ ಅದೇ ವರ್ಷ ಕೆಳದರ್ಜೆಗೆ ಇಳಿದ ತಂಡಗಳು. ರಾನಿಯೇರಿ ಸೋತ ಕೊನೆಯ ಐದರಲ್ಲಿ ಅದೇ ವರ್ಷದ ಚಾಂಪಿಯನ್ ಚೆಲ್ಸೀ ಮತ್ತು ಮ್ಯಾಂಚೆಸ್ಟರ್ ಯುನೈಟೆಡ್ ಇದ್ದವು. ಮುಂದಿನ ಋತುವಿನ ಮೊದಲ ಎಂಟು ಪಂದ್ಯಗಳಲ್ಲಿ ಒಂದನ್ನೇ ಗೆದ್ದ ಶೇಕ್ಸ್‌ಪಿಯರ್‌ರನ್ನು 2017ರ ಅಕ್ಟೋಬರ್‌ನಲ್ಲಿ ಲೆಸ್ಟರ್ ವಜಾ ಮಾಡಿತು. ಸೋತ ನಾಲ್ಕು ಪಂದ್ಯಗಳು ಆರ್ಸೆನಲ್, ಮ್ಯಾಂಚೆಸ್ಟರ್ ಯುನೈಟೆಡ್, ಚೆಲ್ಸೀ ಮತ್ತು ಲಿವರ್‌ಪೂಲ್ ವಿರುದ್ಧದವು. ಕಡಲತೀರದ ಹುಡುಗರ ಪಟ್ಟಿಯಲ್ಲಿ ಶೇಕ್ಸ್‌ಪಿಯರ್‌ರ ಹೆಸರನ್ನು ನಾನು ಇದುವರೆಗೆ ಕೇಳಿಲ್ಲ.