ಕಾರವಾರಕ್ಕೆ ವರ್ಗವಾಗಿದೆ, ಬೆಳಗ್ಗೆ ಎಲ್ಲಿ ಓಡಲಿ?

ಓದುಗರ ಪ್ರಶ್ನೆ: ಧಾರವಾಡದಲ್ಲಿದ್ದಾಗ ದಿನ ಬಿಟ್ಟು ದಿನ ಐದಾರು ಕಿಲೋಮೀಟರ್ ಓಡುತ್ತಿದ್ದೆ. ಈಗ ಕಾರವಾರಕ್ಕೆ ವರ್ಗವಾಗಿದೆ. ಕಡಲು, ಕಾಡು, ಹಳೆಯ ಊರುಗಳು ಎಲ್ಲವೂ ಇರುವ ಜಿಲ್ಲೆ ಎನ್ನುತ್ತಾರೆ. ಓಡಲು ಚೆಂದದ ದಾರಿಗಳು ಯಾವುವು? ಮರಳಿನ ಮೇಲೆ ಓಡಿದರೆ ಮಂಡಿ ಹಾಳಾಗುತ್ತದೆಯೇ?

ಉತ್ತರ: ವರ್ಗಾವಣೆಯ ಹಂಗಾಮು ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಎಲ್ಲರೂ ಜಾಗದ ಹೆಸರು ಕೇಳುತ್ತಾರೆ, ಹೊತ್ತು ಕೇಳುವವರು ಕಡಿಮೆ. ಉತ್ತರ ಕನ್ನಡದಲ್ಲಿ ಮೊದಲು ನೋಡಬೇಕಾದದ್ದು ಹೊತ್ತನ್ನೇ. ಅಮಾವಾಸ್ಯೆಯ ಬೆಳಗ್ಗೆ ಮೈದಾನದಂತೆ ಹರಡಿಕೊಂಡಿದ್ದ ದಂಡೆಗೆ ಎಂಟು ದಿನ ಬಿಟ್ಟು ಅದೇ ಗಳಿಗೆಗೆ ಹೋದರೆ ಓಡುವುದಕ್ಕೆ ಉಳಿದಿರುವುದು ಕಾಲು ಹೂಳುವ ಸಡಿಲ ಮರಳು ಮಾತ್ರ. ನವೆಂಬರಿನಲ್ಲಿ ಸ್ವರ್ಗ ಎನಿಸುವ ಶಿರಸಿಯ ಕಾಡುದಾರಿಯಲ್ಲಿ ಜುಲೈಯಲ್ಲಿ ಹೆಜ್ಜೆಗೊಂದು ಉಂಬಳ, ಅಂದರೆ ಜಿಗಣೆ. ಹಾಗಾಗಿ ಶೂ ಕೊಳ್ಳುವ ಮೊದಲು ಒಂದು ಪಂಚಾಂಗ ಕೊಳ್ಳಿ. ತಮಾಷೆಗೆ ಹೇಳುತ್ತಿಲ್ಲ.

ಲೆಕ್ಕ ಸುಲಭ. ಸಮುದ್ರ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಮತ್ತು ಪ್ರತಿದಿನ ಹಿಂದಿನ ದಿನಕ್ಕಿಂತ ಸುಮಾರು ಐವತ್ತು ನಿಮಿಷ ತಡ ಮಾಡುತ್ತದೆ. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಬೆಳಗಿನ ಜಾವ ನೀರು ತೀರಾ ಇಳಿದಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ಉಬ್ಬರ. ಆ ನಾಲ್ಕೈದು ದಿನ ಸೂರ್ಯೋದಯಕ್ಕೆ ದಂಡೆಗೆ ಹೋದರೆ ನೀರು ಬಿಟ್ಟುಹೋದ ಗಟ್ಟಿ ಮರಳು ಬೇಕಾದಷ್ಟು ಸಿಗುತ್ತದೆ. ಅಷ್ಟಮಿಯ ಸುತ್ತಮುತ್ತ ಇದು ತಿರುವುಮುರುವಾಗುತ್ತದೆ. ಏರಿಳಿತದ ಅಂತರ ಆಗ ಕಡಿಮೆಯೇ, ಆದರೆ ಬೆಳಗಿನ ಹೊತ್ತು ನೀರು ಮೇಲಿರುತ್ತದೆ, ಗಟ್ಟಿ ಮರಳಿನ ಪಟ್ಟಿ ಅದರಡಿ ಮುಚ್ಚಿಹೋಗಿರುತ್ತದೆ. ಅಂಥ ದಿನ ಊರೊಳಗಿನ ರಸ್ತೆ ಹಿಡಿಯಿರಿ. ನಿಖರ ಸಮಯ ಬೇಕಿದ್ದರೆ ಮೊಬೈಲ್‌ನಲ್ಲಿ ನೋಡಬಹುದು. ದಂಡೆಯಲ್ಲಿ ಕೂತ ಮೀನುಗಾರರನ್ನು ಕೇಳಿದರೆ ಅವರು ಮೊಬೈಲ್ ತೆಗೆಯದೆಯೇ ಹೇಳುತ್ತಾರೆ.

ಈಗ ಮಂಡಿಯ ಮಾತು. ಒದ್ದೆಯಾಗಿ ಗಟ್ಟಿಯಾದ ಮರಳು ಡಾಂಬರಿಗಿಂತ ಮೃದು, ಮಂಡಿಗೆ ಅದರಿಂದ ತೊಂದರೆಯಿಲ್ಲ. ತೊಂದರೆ ಕೊಡುವುದು ದಂಡೆಯ ಇಳಿಜಾರು. ಸಮುದ್ರದ ಕಡೆಯ ಕಾಲು ಇಡೀ ಓಟದಲ್ಲಿ ಒಂದೆರಡು ಅಂಗುಲ ಕೆಳಗೇ ಬೀಳುತ್ತದೆ. ಸೊಂಟ, ಮಂಡಿ ಎರಡೂ ಒಂದೇ ಕಡೆಗೆ ವಾಲುತ್ತವೆ. ಒಂದು ದಿಕ್ಕಿಗೆ ಎಂಟು ಕಿಲೋಮೀಟರ್ ಓಡಿ ಆಟೋ ಹಿಡಿದು ಮನೆಗೆ ಬರುವವರಿಗೆ ನೋವು ಕಟ್ಟಿಟ್ಟ ಬುತ್ತಿ. ಹೋದ ದಾರಿಯಲ್ಲೇ ಹಿಂದಿರುಗಿ ಓಡಿದರೆ ಎರಡೂ ಕಾಲಿಗೆ ಸಮಪಾಲು ಸಿಗುತ್ತದೆ. ಒಣ ಮರಳಿನ ಕಥೆ ಬೇರೆ. ಅಲ್ಲಿ ಹಿಮ್ಮಡಿ ಹೂತುಹೋಗುವುದರಿಂದ ಮೀನಖಂಡದ ಮೇಲೆ ಭಾರ ಬೀಳುತ್ತದೆ. ಮೊದಲ ತಿಂಗಳು ಹತ್ತು ನಿಮಿಷಕ್ಕಿಂತ ಹೆಚ್ಚು ಬೇಡ. ಬರಿಗಾಲಿನ ಓಟದ ಮೋಹವೂ ಬೇಡ. ಚಿಪ್ಪಿನ ಚೂರು, ಬಾಟಲಿಯ ಗಾಜು, ತುಂಡಾದ ಗಾಳದ ಕೊಕ್ಕೆ ಎಲ್ಲವೂ ಮರಳಿನಲ್ಲಿ ಸಿಗುತ್ತವೆ.

ದಾರಿ ಕಾರವಾರದಿಂದಲೇ ಶುರುವಾಗಲಿ. ರವೀಂದ್ರನಾಥ ಟ್ಯಾಗೋರ್ ಕಡಲತೀರ ಊರಿಗೆ ಅಂಟಿಕೊಂಡೇ ಇದೆ. ದಕ್ಷಿಣಕ್ಕೆ ಬೈತಖೋಲ ಬಂದರಿನ ಗುಡ್ಡ, ಉತ್ತರಕ್ಕೆ ಕೋಡಿಬಾಗದಾಚೆ ಕಾಳಿ ನದಿ ಕಡಲು ಸೇರುವ ಬಾಯಿ. ಚಾಪಲ್ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯವಾಗಿ ದಂಡೆಯಲ್ಲಿ ನಿಲ್ಲಿಸಿದ್ದಾರಲ್ಲ, ಅಲ್ಲಿಂದ ಹೊರಟು ಉತ್ತರಕ್ಕೆ ಅಳಿವೆಯ ಕಡೆ ಓಡಿ. ಪಟ್ಟಣದ ಗದ್ದಲ ಬೇಗ ಹಿಂದೆ ಬೀಳುತ್ತದೆ, ಗಾಳಿ ಮರಗಳ ಸಾಲು ಜೊತೆಗೂಡುತ್ತದೆ. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1880ರ ದಶಕದ ಆರಂಭದಲ್ಲಿ, ಯುವಕ ರವೀಂದ್ರರು ಬಂದು ಉಳಿದಿದ್ದರು. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿ ವಿಹಾರ ಮುಗಿಸಿ, ಅಳಿವೆಯಲ್ಲಿ ಇಳಿದು, ಮರಳಿನ ಮೇಲೆ ನಡೆದೇ ಮನೆ ಸೇರಿದ್ದರು. ನೀವು ಓಡುವುದು ಅದೇ ದಂಡೆಯಲ್ಲಿ. ಇನ್ನೊಂದು ಅನುಕೂಲವಿದೆ. ಕಡಲು ಪಡುವಣಕ್ಕಿದ್ದು ಊರಿನ ಬೆನ್ನಿಗೆ ಗುಡ್ಡಗಳಿರುವುದರಿಂದ ಬೆಳಗಿನ ಬಿಸಿಲು ದಂಡೆಗೆ ತಡವಾಗಿ ಬೀಳುತ್ತದೆ. ಚಳಿಗಾಲದಲ್ಲಿ ಆ ಹೊತ್ತಿಗೆ ಗಾಳಿಯೂ ನೆಲದಿಂದ ಕಡಲಿಗೆ ಬೀಸುತ್ತಿರುತ್ತದೆ, ತಂಪಾಗಿರುತ್ತದೆ. ಹೊತ್ತೇರಿದ ಮೇಲೆ ಅದು ದಿಕ್ಕು ಬದಲಿಸಿ ಉಪ್ಪು, ತೇವ ಎರಡನ್ನೂ ಹೊತ್ತು ತರುತ್ತದೆ.

ಮುಂಜಾವಿನಲ್ಲಿ ರಂಪಣಿ ಬಲೆ ಎಳೆಯುವುದು ನೋಡಲು ಸಿಗಬಹುದು. ದೋಣಿಯಲ್ಲಿ ಒಯ್ದು ಅರ್ಧಚಂದ್ರದಂತೆ ಬಿಟ್ಟ ಬಲೆಯ ಎರಡು ತುದಿಯ ಹಗ್ಗಗಳನ್ನು ದಂಡೆಯ ಮೇಲೆ ಎರಡು ಗುಂಪಿನವರು ಹಿಂದೆ ವಾಲಿಕೊಂಡು ಎಳೆಯುತ್ತಿರುತ್ತಾರೆ. ಹಗ್ಗ ನೀರಿನಿಂದ ಮೇಲಿನವರೆಗೆ ಮೊಣಕಾಲೆತ್ತರದಲ್ಲಿ ಬಿಗಿದಿರುತ್ತದೆ, ಅಲೆ ಎಳೆದಾಗ ಥಟ್ಟನೆ ಮೇಲೇಳುತ್ತದೆ. ಅದನ್ನು ಹಾರಿ ದಾಟುವ ಸಾಹಸ ಮಾಡಬೇಡಿ. ಎಳೆಯುವವರ ಬೆನ್ನ ಹಿಂದಿನಿಂದ ಸುತ್ತಿ ಹೋಗಿ, ಎರಡು ನಿಮಿಷ ನಿಂತು ನೋಡಿದರೂ ನಷ್ಟವಿಲ್ಲ. ದಂಡೆ ಅವರಿಗೆ ಕೆಲಸದ ಜಾಗ, ನಾವು ನಡುವೆ ಹಾದುಹೋಗುವವರು. ಹಾಗೆಯೇ ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ದಂಡೆಗೆ ಬರುತ್ತವೆ. ಅರಣ್ಯ ಇಲಾಖೆ ಬೇಲಿ ಕಟ್ಟಿದ ಗೂಡು ಕಂಡರೆ ದೂರದಿಂದ ಹೋಗಿ. ಕತ್ತಲಲ್ಲಿ ಟಾರ್ಚ್ ಬಿಟ್ಟುಕೊಂಡು ಓಡಬೇಡಿ.

ಕಾಳಿಯಾಚೆ ಸದಾಶಿವಗಡ ಕಣ್ಣೆದುರೇ ಇದೆ, ಓಡುತ್ತ ಸೇತುವೆ ದಾಟೋಣ ಎನ್ನಿಸುತ್ತದೆ. ಬೇಡ. 2024ರ ಆಗಸ್ಟ್ 7ರ ನಸುಕಿನಲ್ಲಿ ಹಳೆಯ ಸೇತುವೆ ಕುಸಿದ ಮೇಲೆ ಹೆದ್ದಾರಿಯ ಎರಡೂ ದಿಕ್ಕಿನ ವಾಹನಗಳು ಉಳಿದೊಂದು ಸೇತುವೆಗೆ ಬಿದ್ದವು, ಅಲ್ಲಿ ಓಟಗಾರನಿಗೆ ಜಾಗವಿಲ್ಲ. ಬಸ್ಸಿನಲ್ಲೋ ಸ್ಕೂಟರಿನಲ್ಲೋ ಆಚೆ ಹೋಗಿ ಅಲ್ಲಿಂದ ಶುರು ಮಾಡಿ. ಗುಡ್ಡದ ಮೇಲೆ ದುರ್ಗಾದೇವಿ ಗುಡಿಯವರೆಗೆ ಏರುವ ದಾರಿ ಚಿಕ್ಕದು, ಆದರೆ ಕಾಲಿಗೆ ಒಳ್ಳೆಯ ಕೆಲಸ ಕೊಡುತ್ತದೆ. ಮೇಲೆ ನಿಂತರೆ ನದಿ ಕಡಲಿಗೆ ಬೀಳುವುದು ಪೂರ್ತಿ ಕಾಣುತ್ತದೆ. ಸಮತಟ್ಟು ಬೇಕೆನ್ನುವವರಿಗೆ ದೇವಬಾಗದಿಂದ ಮಾಜಾಳಿಯ ಕಡೆಗೆ ಸಾಗುವ ಉದ್ದನೆಯ ದಂಡೆಯಿದೆ. ನನ್ನ ಮಟ್ಟಿಗೆ ಟ್ಯಾಗೋರ್ ತೀರಕ್ಕಿಂತ ಇದೇ ಮೇಲು, ಜನ ಕಡಿಮೆ. ಮಾಜಾಳಿಯಿಂದ ಗುಡ್ಡ ಹತ್ತಿಳಿದರೆ ತಿಳಮಾತಿಯ ಕಪ್ಪು ಮರಳಿನ ಪುಟ್ಟ ತೀರ. ಅದು ನಡೆದು ಹೋಗುವ ದಾರಿ, ಓಡುವ ದಾರಿಯಲ್ಲ.

ಕಾರವಾರದ ದಕ್ಷಿಣಕ್ಕೆ ಬಿಣಗಾ, ಅರ್ಗಾಗಳ ಕಡೆ ಓಡುವ ಯೋಚನೆ ಬಿಟ್ಟುಬಿಡಿ. ಸುರಂಗಗಳಿರುವ ಹೆದ್ದಾರಿ ಒಂದು ಕಡೆ, ಕದಂಬ ನೌಕಾನೆಲೆಯ ಬೇಲಿ ಇನ್ನೊಂದು ಕಡೆ. ಇಡೀ ಜಿಲ್ಲೆಗೆ ಇದೇ ಮಾತು: ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಓಡಬೇಡಿ. ಅದು ಊರಿನಿಂದ ಊರಿಗೆ ಹೋಗಲಿಕ್ಕಿರುವುದು. ಮಳೆಗಾಲದಲ್ಲಂತೂ ಗುಡ್ಡ ಕಡಿದ ಕಡೆ ನಿಲ್ಲುವುದೂ ಅಪಾಯ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿದ್ದನ್ನು ಯಾರೂ ಮರೆತಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಂಡೆಯ ಆಸೆಯನ್ನೇ ಬಿಡಿ. ಸಮುದ್ರ ಮರಳನ್ನು ಎಳೆದೊಯ್ದು ದಂಡೆಯನ್ನು ಕಿರಿದು ಮಾಡುತ್ತದೆ, ಮಳೆ ನಿಂತ ಮೇಲೆ ಮೆಲ್ಲಗೆ ವಾಪಸು ತಂದು ಹಾಕುತ್ತದೆ. ಯಾಂತ್ರಿಕ ದೋಣಿಗಳೇ ಜೂನ್, ಜುಲೈ ಎರಡು ತಿಂಗಳು ಕಡಲಿಗೆ ಇಳಿಯುವುದಿಲ್ಲ. ಕಾರವಾರದಲ್ಲಿ ಆ ದಿನಗಳಿಗೆ ಮಾಲಾದೇವಿ ಮೈದಾನವೋ ಒಳರಸ್ತೆಗಳೋ ಸಾಕು. ಧಾರವಾಡದ ಒಣ ಗಾಳಿಗೆ ಒಗ್ಗಿದ ದೇಹಕ್ಕೆ ಇಲ್ಲಿ ಬೇಸಿಗೆಯಲ್ಲಿ ಇನ್ನೊಂದು ಪರೀಕ್ಷೆಯಿದೆ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಎದೆಬಡಿತ ಬೇಗ ಏರುತ್ತದೆ. ವೇಗ ಕಡಿಮೆಯಾಯಿತೆಂದು ಕೊರಗಬೇಡಿ, ಕೆಲವು ವಾರ ಗಡಿಯಾರವನ್ನು ಮನೆಯಲ್ಲೇ ಬಿಟ್ಟು ಹೋಗಿ. ಓಡಿ ಬಂದ ಮೇಲೆ ಉಪ್ಪು ಹಾಕಿದ ಮುರುಗಲು ಪಾನಕ ಕುಡಿಯಿರಿ. ಬಣ್ಣದ ಬಾಟಲಿಯ ಪೇಯಗಳಿಗೆ ದುಡ್ಡು ಸುರಿಯಬೇಕಿಲ್ಲ.

ವಾರದ ಕೊನೆಗೆ ದಕ್ಷಿಣಕ್ಕೆ ಹೋಗುವುದಾದರೆ ಗೋಕರ್ಣ. ಎಲ್ಲರೂ ಓಂ ತೀರ, ಕುಡ್ಲೆ ಎನ್ನುತ್ತಾರೆ. ಅವುಗಳ ನಡುವಿನ ಕಾಲುದಾರಿ ಚಿರೆಕಲ್ಲಿನ ಗುಡ್ಡಗಳ ಮೇಲೆ ಹತ್ತಿಳಿಯುತ್ತದೆ, ನೋಟ ಅದ್ಭುತ, ಪಾದ ತಿರುಚಿಕೊಳ್ಳಲೂ ಅಷ್ಟೇ ಪ್ರಶಸ್ತ. ಓಟಕ್ಕೆ ಬೇಕಾದದ್ದು ಊರಿನ ದೊಡ್ಡ ತೀರ. ಮಹಾಬಲೇಶ್ವರ ದೇವಸ್ಥಾನದ ಮುಂದಿನ ಜಂಗುಳಿ ದಾಟಿ ಉತ್ತರಕ್ಕೆ ಗಂಗಾವಳಿ ನದಿಯ ಕಡೆ ತಿರುಗಿದರೆ ಸಾಕು, ಸ್ವಲ್ಪ ಹೊತ್ತಿನಲ್ಲೇ ನೀವು, ಏಡಿಗಳು, ಅಷ್ಟೇ. ಇನ್ನೊಂದು ದಿನಕ್ಕೆ ಸಾಣಿಕಟ್ಟಾದ ಉಪ್ಪಿನ ಆಗರಗಳ ಪಕ್ಕದ ರಸ್ತೆ. ಬೇಸಿಗೆಯಲ್ಲಿ ಉಪ್ಪು ಕೆರೆದು ಗುಡ್ಡೆ ಹಾಕುವ ಕೆಲಸ ನಡೆಯುತ್ತಿರುತ್ತದೆ. ಮಡಿಗಳ ನಡುವಿನ ಬದುಗಳ ಮೇಲೆ ಕೇಳದೆ ಕಾಲಿಡಬೇಡಿ, ಅವರು ಮಣ್ಣು ತುಳಿದು ಹದ ಮಾಡಿದ್ದು ನಿಮ್ಮ ಶೂಗಾಗಿ ಅಲ್ಲ.

ಕುಮಟಾದ ಕಡೆ ಮಿರ್ಜಾನ್ ಕೋಟೆಯಿದೆ. ಕರಿಮೆಣಸಿನ ರಾಣಿ ಎಂದು ಪೋರ್ಚುಗೀಸರು ಕರೆದ ಗೇರುಸೊಪ್ಪೆಯ ಚೆನ್ನಭೈರಾದೇವಿಯ ಹೆಸರಿನೊಂದಿಗೆ ಬೆಸೆದುಕೊಂಡ ಚಿರೆಕಲ್ಲಿನ ಕೋಟೆ ಅದು. ಕೋಟೆಯ ಸುತ್ತಲಿನ ಹಳ್ಳಿ ರಸ್ತೆಗಳಲ್ಲಿ ಓಡಿ, ಒಳಗೆ ನಡೆಯಿರಿ. ಮಳೆಗಾಲ ಮುಗಿದ ಹೊಸತರಲ್ಲಿ ಗೋಡೆಗಳೆಲ್ಲ ಪಾಚಿಯಿಂದ ಹಸಿರಾಗಿರುತ್ತವೆ, ಕಲ್ಲು ಜಾರುತ್ತದೆ. ಹೊನ್ನಾವರದ ಕಾಸರಕೋಡು ತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು, ಚೊಕ್ಕಟವಾಗಿದೆ. ಮುರುಡೇಶ್ವರಕ್ಕೆ ರಜೆಯ ದಿನ ಓಡಲು ಹೋಗುವುದಕ್ಕಿಂತ ನಿದ್ದೆ ಮಾಡುವುದು ಲೇಸು.

ಇನ್ನು ಘಟ್ಟದ ಮೇಲೆ. ಒಂದೇ ದಾರಿ ಹೇಳಿ ಎಂದು ಪಟ್ಟು ಹಿಡಿದರೆ ನಾನು ಹೇಳುವುದು ಕಡಲಿನದ್ದಲ್ಲ, ಸೋದೆಯದ್ದು. ಶಿರಸಿಯಿಂದ ಯಲ್ಲಾಪುರದ ರಸ್ತೆಯಲ್ಲಿ ಹೊರಟು ಒಳಗೆ ತಿರುಗಬೇಕು. ಕಾರವಾರದಲ್ಲಿ ನೀವು ಹತ್ತಿದ ಸದಾಶಿವಗಡವನ್ನು ಕಟ್ಟಿಸಿದ ಅರಸರ ರಾಜಧಾನಿ ಇದು. ವಾದಿರಾಜ ಮಠದ ಬಳಿ ವಾಹನ ನಿಲ್ಲಿಸಿ ಹೊರಟರೆ ಜೈನ ಮಠ, ಕೋಟೆಯ ಅವಶೇಷ, ಬೆಳ್ಳಕ್ಕಿಗಳು ಮಳೆಗಾಲದಲ್ಲಿ ಮುಂಡಿಗೆ ಪೊದೆಗಳ ಮೇಲೆ ಗೂಡು ಕಟ್ಟುವ ಮುಂಡಿಗೆ ಕೆರೆ, ಎಲ್ಲವೂ ಒಂದು ಬೆಳಗಿನ ಓಟದೊಳಗೆ ಸಿಗುತ್ತವೆ. ರಸ್ತೆ ಒಂದೇ ಸಮನೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ತಿರುವಿಗೊಂದು ಅಡಿಕೆ ತೋಟ, ತೋಟದ ಮೇಲೆ ಸೊಪ್ಪಿನ ಬೆಟ್ಟ, ನಡುವೆ ಹೆಂಚಿನ ಮನೆ. ಡಿಸೆಂಬರಿನಲ್ಲಿ ಹೋದರೆ ಇಬ್ಬನಿಯ ಜೊತೆಗೆ ಅಡಿಕೆ ಬೇಯುವ ಹೊಗೆ ಸೇರಿರುತ್ತದೆ. ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತವರು ಅಡಿಕೆ ಸುಲಿಯುತ್ತಿರುತ್ತಾರೆ, ಹಂಡೆಯಲ್ಲಿ ಚೊಗರು, ಅಂದರೆ ಅಡಿಕೆ ಬೇಯಿಸಿದ ಕೆಂಪು ರಸ, ಕುದಿಯುತ್ತಿರುತ್ತದೆ. ಒಗರು ಮೂಗಿಗೆ ಬಡಿಯುವ ಆ ವಾಸನೆ ಕೆಲವರಿಗೆ ಆಗುವುದಿಲ್ಲ. ನನಗೆ ಶಿರಸಿ ಎಂದರೆ ಅದೇ. ಬೆಳಗ್ಗೆ ಓಡುವವನನ್ನು ಕಂಡು “ಯಾಕೆ, ಬಸ್ಸು ತಪ್ಪಿತೇ?” ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನಿಂತು ಮಾತಾಡಿದರೆ ಚಹಾ ಆಗದೆ ಬಿಡುವುದಿಲ್ಲ. ಮನೆ ನಾಯಿಗಳ ವಿಷಯದಲ್ಲಿ ಮಾತ್ರ ಎಚ್ಚರ. ಅಟ್ಟಿಸಿಕೊಂಡು ಬಂದರೆ ಓಡುವುದನ್ನು ನಿಲ್ಲಿಸಿ ನಡೆಯಿರಿ, ಬಹುಪಾಲು ಅಲ್ಲಿಗೆ ಮುಗಿಯುತ್ತದೆ.

ಸಹಸ್ರಲಿಂಗವೂ ಅದೇ ಆಸುಪಾಸಿನಲ್ಲಿದೆ. ಶಾಲ್ಮಲಾ ನದಿಯ ಬಂಡೆಗಳಲ್ಲಿ ಕೆತ್ತಿದ ಲಿಂಗಗಳು ನೀರು ಇಳಿದ ಮೇಲೆಯೇ ಚೆನ್ನಾಗಿ ಕಾಣುವುದು. ಶಿವರಾತ್ರಿಯ ದಿನ ಅತ್ತ ತಲೆ ಹಾಕಬೇಡಿ.

ಮಲೆನಾಡಿನ ಕಾಡಿಗೆ ಎರಡು ಎಚ್ಚರಿಕೆ. ಮಳೆಗಾಲದಲ್ಲಿ ಉಂಬಳ. ಅದು ಕಚ್ಚಿದರೆ ನೋವಿಲ್ಲ, ರಕ್ತ ಬೇಗ ನಿಲ್ಲುವುದಿಲ್ಲ ಅಷ್ಟೆ. ಸುಣ್ಣವೋ ಉಪ್ಪೋ ತಾಗಿಸಿದರೆ ಬಿಡುತ್ತದೆ. ಎರಡನೆಯದು ಗಂಭೀರ. ಚಳಿಗಾಲದಿಂದ ಬೇಸಿಗೆಯ ಕೊನೆಯವರೆಗೆ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಈ ರೋಗ ಸಿದ್ದಾಪುರ ತಾಲ್ಲೂಕಿನಲ್ಲಿ ಇತ್ತೀಚಿನ ವರ್ಷಗಳಲ್ಲೂ ಜೀವ ತೆಗೆದಿದೆ. ಹರಡುವುದು ಉಣುಗಿನಿಂದ, ಅಂದರೆ ಮೈಗೆ ಅಂಟಿ ರಕ್ತ ಹೀರುವ ಉಣ್ಣೆಯಿಂದ. ಆ ತಿಂಗಳುಗಳಲ್ಲಿ ದರಕು (ಉದುರಿದ ಒಣ ಎಲೆ) ತುಂಬಿದ ಕಾಲುದಾರಿ ಬಿಟ್ಟು ಡಾಂಬರು ರಸ್ತೆಯಲ್ಲೇ ಓಡಿ, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಮಂಗ ಸತ್ತು ಬಿದ್ದಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ದಾಂಡೇಲಿ, ಜೊಯಿಡಾ ಕಡೆಯ ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಓಡುವ ಮಾತೇ ಇಲ್ಲ.

ಕೊನೆಗೆ, ಕಾಲು ಪಳಗಿದ ಮೇಲೆ, ಬನವಾಸಿ. ಶಿರಸಿಯಿಂದ ಇಪ್ಪತ್ತೆರಡು ಕಿಲೋಮೀಟರಿನ ಆಸುಪಾಸು, ಅರ್ಧ ಮ್ಯಾರಥಾನಿನ 21.1ಕ್ಕಿಂತ ತುಸು ಹೆಚ್ಚು. ಪೂರ್ವಕ್ಕೆ ಹೋದಂತೆ ಕಾಡು ತೆಳುವಾಗಿ ಗದ್ದೆ, ಅನಾನಸಿನ ಹೊಲ ಶುರುವಾಗುತ್ತವೆ, ನೆರಳು ಕಡಿಮೆಯಾಗುತ್ತದೆ. ಆದ್ದರಿಂದ ಬೆಳಕು ಹರಿಯುವಾಗಲೇ ಹೊರಡಬೇಕು. ಅಷ್ಟು ಬೇಡವೆನ್ನುವವರು ಬಸ್ಸಿನಲ್ಲಿ ಹೋಗಿ ಊರೊಳಗೇ ಸುತ್ತಬಹುದು: ಮೂರು ಕಡೆ ಬಳಸಿ ಹರಿಯುವ ವರದಾ ನದಿ, ಹಳೆಯ ಕೋಟೆಯ ಗುರುತುಗಳು, ರಥಬೀದಿ, ಕದಂಬರ ಕಾಲದ ನೆನಪು ಹೊತ್ತ ಮಧುಕೇಶ್ವರ ದೇವಸ್ಥಾನ. ಗುಡಿಯೊಳಗೆ ಹೋಗುವ ಮನಸ್ಸಿದ್ದರೆ ಚೀಲದಲ್ಲಿ ಒಂದು ಪಂಚೆ, ಒಣ ಅಂಗಿ ಇರಲಿ. ಶಿರಸಿಗೆ ಮರಳುವ ಬಸ್ಸಿನಲ್ಲಿ ಪಕ್ಕದ ಸೀಟಿನವರೂ ಅದಕ್ಕೆ ಋಣಿಯಾಗಿರುತ್ತಾರೆ.