ಬಾಯಿಯ ಬಿಳಿ ಅಗ್ರ, ಹಲ್ಲಿನ ಹುಳುಕು ಮತ್ತು ಒಂದು ತುಂಡು ಬೆಲ್ಲ

ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರದಿಂದ ಚೀಟಿ ಬರೆಸಿಕೊಂಡು ಬಂದಿದ್ದ ಆರು ವರ್ಷದ ಹುಡುಗ. ಜೊತೆಗೆ ಅಜ್ಜಿ. ‘ಊಟಾನ ಮಾಡವಲ್ಲರಿ ಡಾಕ್ಟ್ರ, ಖಾರ ಹತ್ತಿದ್ರ ಅಳತಾನ’ ಅಂದರು.

ಬಾಯಿ ತೆರೆಸಿದೆ. ನಾಲಿಗೆ, ಅಂಗುಳ, ಕೆನ್ನೆಯ ಒಳಭಾಗ ಎಲ್ಲ ಕಡೆ ಒಡೆದ ಮೊಸರಿನಂಥ ಬಿಳಿ ಅಗ್ರ. ಹಾಲಿನ ಕರೆಯಾದರೆ ಸುಮ್ನೆ ಒರೆಸಿದರೆ ಹೋಗುತ್ತದೆ. ಇದನ್ನು ಬಟ್ಟೆಯಿಂದ ಒರೆಸಿದಾಗ ಕೆಳಗೆ ಕೆಂಪಗೆ, ಹಸಿಹಸಿಯಾಗಿ ಕಾಣಿಸಿತು. ಇನ್ನು ದವಡೆ ಹಲ್ಲುಗಳಲ್ಲಿ ಹೆಚ್ಚಿನವು ಹುಳುಕು. ಒಂದರ ಬುಡದಲ್ಲಿ ಕೀವು.

ಅಗ್ರಕ್ಕೆ ಕಾರಣ ಕ್ಯಾಂಡಿಡಾ ಎಂಬ ಶಿಲೀಂಧ್ರ. ಆರೋಗ್ಯವಂತರ ಬಾಯಲ್ಲೂ ಅದು ಇರುತ್ತದೆ, ಆದರೆ ತೆಪ್ಪಗಿರುತ್ತದೆ. ಎಚ್‌ಐವಿಯಿಂದ ರೋಗದ ವಿರುದ್ಧ ಹೋರಾಡುವ ಸಿಡಿ4 ಎಂಬ ರಕ್ತಕಣಗಳು ಕಡಿಮೆಯಾದರೆ ತಲೆ ಎತ್ತುತ್ತದೆ. ಹಾಗಾಗಿ ಔಷಧಿಯಲ್ಲಿರುವ ಮಗುವಿನ ಬಾಯಲ್ಲಿ ಅಗ್ರ ಕಂಡರೆ ನಾನು ಮೊದಲು ಕೇಳುವುದು, ಗುಳಿಗೆ ತಪ್ಪಿತ್ತಾ? ತಪ್ಪಿತ್ತು. ಅಪ್ಪನ ಜೊತೆ ಕಬ್ಬು ಕಡಿಯುವ ಕಡೆ ಹೋದಾಗ ಎರಡು ತಿಂಗಳು ಗುಳಿಗೆ ಮುಗಿದೇ ಹೋಗಿತ್ತು.

ಅಗ್ರಕ್ಕೆ ಔಷಧಿ ಕೊಟ್ಟು, ಹಲ್ಲನ್ನು ಆಮೇಲೆ ನೋಡೋಣ ಅನ್ನುವುದು ರೂಢಿ. ನನಗೆ ಒಪ್ಪಿಗೆಯಿಲ್ಲ. ಇವೆರಡೂ ಬೇರೆ ಬೇರೆ ಕಾಯಿಲೆಗಳಂತೆ ಕಂಡರೂ ಒಳಗೊಳಗೇ ನಂಟಿದೆ. ಹಲ್ಲು ಕೆಡಿಸುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂಬ ಬ್ಯಾಕ್ಟೀರಿಯಾ ಸಕ್ಕರೆಯಿಂದ ಅಂಟು ತಯಾರಿಸುತ್ತದೆ. ಅಂಟು ಮಾಡುವ ಕಿಣ್ವ ಕ್ಯಾಂಡಿಡಾದ ಮೈಗೂ ಹತ್ತಿಕೊಳ್ಳುತ್ತದೆ. ಆಗ ಹಲ್ಲಿನ ಮೇಲಿನ ಪಾಚಿ ಇನ್ನೂ ದಪ್ಪವಾಗುತ್ತದೆ. ಕ್ಯಾಂಡಿಡಾ ತಾನೂ ಆಮ್ಲ ಬಿಡುತ್ತದೆ, ಆ ಹುಳಿಯಲ್ಲೇ ಹಾಯಾಗಿ ಬದುಕುತ್ತದೆ. ಹುಳಿ ಹೆಚ್ಚಿ ಪಿಎಚ್ 5.5ರ ಆಸುಪಾಸಿಗೆ ಇಳಿದರೆ ಹಲ್ಲಿನ ಹೊರಪದರ ಕರಗತೊಡಗುತ್ತದೆ.

ಇಬ್ಬರಿಗೂ ಬೇಕಾದದ್ದು ಸಕ್ಕರೆ. ಅದು ಎಲ್ಲಿಂದ ಬರುತ್ತಿದೆ?

‘ರಾತ್ರಿ ಗುಳಿಗೆ ಹೆಂಗ ಕೊಡ್ತೀರಿ ಅಜ್ಜಿ?’ ಅಂತ ಕೇಳಿದೆ. ಅವರು ಸೀರೆ ಸೆರಗಿನ ಗಂಟು ಬಿಚ್ಚಿದರು. ಒಳಗೆ ಅಡಕೆಯಷ್ಟು ದೊಡ್ಡ ಬೆಲ್ಲ. ಗುಳಿಗೆ ಪುಡಿ ಮಾಡಿ ಬೆಲ್ಲದ ನೀರಲ್ಲಿ ಕಲಸಿ ಕುಡಿಸುವುದು, ಕಹಿ ಹೋಗಲಿ ಅಂತ ಇನ್ನೊಂದು ತುಂಡು ಕೆನ್ನೆಯೊಳಗೆ ಇಡುವುದು, ಮಲಗಿಸುವುದು. ಮೂರು ವರ್ಷದಿಂದ ಹೀಗೇ. ನಿದ್ದೆಯಲ್ಲಿ ಜೊಲ್ಲು ಕಡಿಮೆ, ಬೆಲ್ಲ ರಾತ್ರಿಯೆಲ್ಲ ಹಲ್ಲಿಗೆ ಅಂಟಿಕೊಂಡೇ ಇರುತ್ತದೆ. ಇದಕ್ಕೆ ಅಜ್ಜಿಯನ್ನು ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗುಳಿಗೆ ತಪ್ಪಿಸಬೇಡಿ ಅಂತ ಎಲ್ಲರೂ ಹೇಳಿದ್ದರು, ಆಮೇಲೆ ಬಾಯಿ ತೊಳೆಸಿ ಅಂತ ಯಾರೂ ಹೇಳಿರಲಿಲ್ಲ.

ಗುಳಿಗೆ ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬಾರದು. ರಾತ್ರಿ ಊಟದ ಹೊತ್ತಿಗೇ ಕೊಡಬಹುದಾ ಅಂತ ಎಆರ್‌ಟಿ ಕೇಂದ್ರದಲ್ಲಿ ಕೇಳಿ, ಆಮೇಲೆ ಬ್ರಷ್ ಮಾಡಿಸಿ ಮಲಗಿಸಿ. ಫ್ಲೋರೈಡ್ ಇರುವ ಪೇಸ್ಟು ಬಟಾಣಿ ಕಾಳಿನಷ್ಟು ಸಾಕು. ಪುಡಿ ಮಾಡುವ ಮುಂಚೆಯೂ ಕೇಳಿ. ಲೋಪಿನಾವಿರ್-ರಿಟೊನಾವಿರ್‌ನಂಥ ಕೆಲವು ಗುಳಿಗೆಗಳನ್ನು ಪುಡಿ ಮಾಡಲೇಬಾರದು. ಕೆಮ್ಮಿನ ಸಿರಪ್ಪುಗಳಲ್ಲೂ ಸಕ್ಕರೆ ಜಾಸ್ತಿ.

ಅಂದ ಹಾಗೆ, ಅಗ್ರಕ್ಕೆ ಬಿಳಿಗಾರವನ್ನು ಜೇನಿನಲ್ಲಿ ತೇದು ಹಚ್ಚುವ ಮನೆಮದ್ದು ಇನ್ನೂ ಇದೆ. ಬಿಳಿಗಾರ ಮಕ್ಕಳಿಗೆ ವಿಷ, ಜೇನು ಮತ್ತೆ ಸಕ್ಕರೆಯೇ. ದಯವಿಟ್ಟು ಬೇಡ.

ಹುಡುಗನಿಗೆ ಕ್ಲೋಟ್ರಿಮಝೋಲ್ ಹಚ್ಚಲು ಕೊಟ್ಟೆವು. ನುಂಗುವಾಗಲೂ ನೋವಿದ್ದರೆ ಶಿಲೀಂಧ್ರ ಅನ್ನನಾಳಕ್ಕೆ ಇಳಿದಿರಬಹುದು, ಆಗ ಹಚ್ಚುವ ಮದ್ದು ಸಾಲದು. ಇವನಿಗೆ ಅಷ್ಟಾಗಿರಲಿಲ್ಲ. ಕೀವಿನ ಹಲ್ಲು ಕಿತ್ತೆವು. ಉಳಿದ ಹುಳುಕಿಗೆ ಸಿಲ್ವರ್ ಡೈಅಮೈನ್ ಫ್ಲೋರೈಡ್ ಹಚ್ಚಿದೆವು. ಕೊರೆಯುವುದಿಲ್ಲ, ನೋವಿಲ್ಲ, ಹುಳುಕು ಹೆಚ್ಚಾಗಿ ನಿಲ್ಲುತ್ತದೆ, ಆದರೆ ಆ ಜಾಗ ಕಪ್ಪಾಗುತ್ತದೆ. ‘ಹಾಲುಹಲ್ಲಲ್ಲರಿ, ಹೆಂಗೂ ಬೀಳತಾವ’ ಅಂದರು ಅಜ್ಜಿ. ದವಡೆಯ ಹಾಲುಹಲ್ಲು ಬೀಳುವುದು ಹತ್ತು-ಹನ್ನೆರಡರ ವಯಸ್ಸಿಗೆ. ಅಲ್ಲಿವರೆಗೆ ಅವನು ಊಟ ಮಾಡಬೇಕಲ್ವಾ?

ಮೂರು ತಿಂಗಳ ನಂತರ ಬಂದಾಗ ಅಗ್ರ ಇರಲಿಲ್ಲ. ತೂಕ ಏರಿತ್ತು. ಮಕ್ಕಳಿಗೆ ಗುಳಿಗೆಯ ಲೆಕ್ಕ ತೂಕದ ಮೇಲೆ, ಹಾಗಾಗಿ ಎಆರ್‌ಟಿ ಕೇಂದ್ರದಲ್ಲಿ ಡೋಸ್ ಹೆಚ್ಚಿಸಿದ್ದರು. ಬೆಲ್ಲ ಈಗ ಹೋಳಿಗೆಯಲ್ಲಷ್ಟೇ ಅಂದರು ಅಜ್ಜಿ. ಸೆರಗಿನ ಗಂಟು ಮಾತ್ರ ಇನ್ನೂ ಇತ್ತು. ನಾನು ಕೇಳಲಿಲ್ಲ.